ಗೊತ್ತಿಲ್ಲ ಎಂದವರ ಹೆಸರಿನಲ್ಲಿ

ನಾಣ್ಯದ ಮೇಲಿನ ಮುದ್ರೆಯನ್ನು ನೋಡಿದ ಕೂಡಲೇ ಮಾವಶಿ ಅದನ್ನು ಹೊಡೆದ ವ್ಯಾಪಾರಿಯ ಹೆಸರು ಹೇಳಿಬಿಡುತ್ತಿದ್ದರು ಎಂದು ಶ್ರದ್ಧಾಂಜಲಿ ಸಭೆಯಲ್ಲಿ ಐದು ಜನ ಹೇಳಿದರು. ಐದೂ ಜನ ಹೇಳಿದ್ದು ಸುಳ್ಳು. ನಾಲ್ವರಿಗೆ ಅದು ಸುಳ್ಳೆಂದು ತಿಳಿದಿರಲಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎತ್ತಿಕೊಂಡು, ಸ್ವಲ್ಪ ಉಪ್ಪು ಖಾರ ಸೇರಿಸಿ, ಮೈಕನ್ನು ಮುಂದಿನವರಿಗೆ ದಾಟಿಸಿದರು. ಐದನೆಯವರಿಗೆ ತಿಳಿದಿತ್ತು. ಅವರು ಇಲ್ಲಿ ಹ್ಯಾಂಬರ್ಗ್‌ನಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ಸೇರಿ ಕಟ್ಟಿಕೊಂಡ ಬಳಗದ ಅಧ್ಯಕ್ಷರು.

ಬಳಗದ ಸಂಚಿಕೆಗೆ ಮಾವಶಿಯ ಬಗ್ಗೆ ‘ಹೃದಯ ತಟ್ಟುವ ಹಾಗೆ’ ಏನಾದರೂ ಬರೆದುಕೊಡು ಎಂದು ಈಗ ನನ್ನನ್ನು ಕೇಳಿದ್ದಾರೆ. ಹೃದಯದ ತಂಟೆಗೆ ನಾನು ಹೋಗುವುದಿಲ್ಲ. ನೋಡಿದ್ದನ್ನು ಬರೆಯುತ್ತೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಎಂದು ಯಾರಾದರೂ ಆಕ್ಷೇಪಿಸಿದರೆ, ಹೌದು, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಹೇಳಿದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ.

ಮಾವಶಿ ನಮ್ಮ ಕಟ್ಟಡದ ಕೆಳಮನೆಯವರು. ಹುಬ್ಬಳ್ಳಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಹಳೆಯ ನಾಣ್ಯಗಳ ಹರಾಜು ನಡೆಸುವ ಅಂಗಡಿಯೊಂದಕ್ಕೆ ನಾಣ್ಯಗಳ ವಿವರಣೆ ಬರೆದುಕೊಡುವುದು ಅವರ ಕೆಲಸ. ನಾನು ಮೈಸೂರಿನವನು, ಬಂದರಿನ ಕಂಟೇನರುಗಳಿಗೆ ಸಾಫ್ಟ್‌ವೇರ್ ಬರೆಯುವವನು. ನಮಗಿಬ್ಬರಿಗೂ ಕನ್ನಡ ಬಿಟ್ಟರೆ ಸಮಾನವಾದದ್ದು ಏನೂ ಇರಲಿಲ್ಲ, ಕನ್ನಡವೂ ಪೂರ್ತಿ ಸಮಾನವಾಗಿರಲಿಲ್ಲ. ಒಂದು ಶನಿವಾರ ನೆಲಮಾಳಿಗೆಯ ವಾಶ್‌ಕ್ಯೂಖೆ ಎಂಬ ಬಟ್ಟೆ ಒಗೆಯುವ ಕೋಣೆಯಲ್ಲಿ, ಯಂತ್ರದಲ್ಲಿ ಬಟ್ಟೆ ತಿರುಗುತ್ತಿರುವಾಗ, ಗೆಳೆಯನ ಜೊತೆ ಫೋನಿನಲ್ಲಿ ವಾದಿಸುತ್ತಿದ್ದೆ. ಮೂಲೆಯಲ್ಲಿ ದುಪ್ಪಟಿ ಮಡಚುತ್ತಿದ್ದ ಹೆಂಗಸು ನನ್ನ ಮಾತು ಮುಗಿಯುವವರೆಗೂ ಕಾದು ಹೇಳಿದರು:

“ತಮ್ಮಾ, ನೀ ಆಗಲೇ ಸೋತಿ. ಆ ಕಡೆಯಾಂವಗ ಗೊತ್ತಾಗೇದ. ನಿನಗ ಇನ್ನೂ ಗೊತ್ತಾಗಿಲ್ಲ.”

“ಆಂಟಿ, ನೀವು ಅರ್ಧ ಮಾತು ಕೇಳಿದ್ದೀರಿ ಅಷ್ಟೆ. ಅವನ ಕಡೆ ಏನು ಹೇಳ್ದ ಅಂತ ನಿಮಗೆ ಕೇಳಿಸೇ ಇಲ್ಲ.”

ಅವರು ದುಪ್ಪಟಿ ಮಡಚುವುದನ್ನು ನಿಲ್ಲಿಸಿದರು. “ಅದು ಖರೇ. ನಾ ಕೇಳಿಲ್ಲ. ಮಾತು ಹಿಂದ ತಗೊಂಡೆ. ಆದ್ರ ಆಂಟಿ ಅನಬ್ಯಾಡ. ನಮ್ಮ ಕಡೆ ಚಿಕ್ಕವ್ವಗ ಅಂದಂಗ ಮಾವಶಿ ಅನ್ನು, ಇಲ್ಲಾಂದ್ರ ಹೆಸರು ಹಿಡದು ಕರಿ.”

ವಾದದಲ್ಲಿ ಒಬ್ಬರು ಹೀಗೆ ತಕ್ಷಣ ಮಾತು ಹಿಂದೆಗೆದುಕೊಂಡದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಾಲೇಜಿನ ಚರ್ಚಾತಂಡದಲ್ಲಿ ನಮಗೆ ಕಲಿಸಿದ್ದು ಇದಕ್ಕೆ ತದ್ವಿರುದ್ಧ. ಗೆದ್ದಷ್ಟೇ ಸುಖವಾಗಿ ಮೇಲೆ ಬಂದು ಬಟ್ಟೆ ಒಣಹಾಕಿದೆ. ಮುಂದಿನ ಭಾನುವಾರ ಕಾಫಿಗೆ ಕರೆದರು. ಆಮೇಲೆ ಭಾನುವಾರಗಳು ರೂಢಿಯಾದವು.

ಅವರ ಕೆಲಸದ ಬಗ್ಗೆ ಇಷ್ಟು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಚೀನಾದ ಬಂದರುಗಳಲ್ಲಿ ದೇಶದೇಶದ ಬೆಳ್ಳಿ ನಾಣ್ಯಗಳು ಓಡಾಡುತ್ತಿದ್ದವು. ಜಪಾನ್ ಕೂಡ ವ್ಯಾಪಾರಕ್ಕೆಂದೇ ಡ್ರ್ಯಾಗನ್ ಚಿತ್ರದ ದಪ್ಪ ನಾಣ್ಯವೊಂದನ್ನು ಹೊರಡಿಸಿತ್ತು. ಕೈಗೆ ಬಂದ ನಾಣ್ಯದ ಬೆಳ್ಳಿ ಶುದ್ಧವೋ ಅಲ್ಲವೋ ಎಂದು ಅಲ್ಲಿನ ವ್ಯಾಪಾರಿ ಪರೀಕ್ಷಿಸುತ್ತಿದ್ದ. ಶುದ್ಧವೆಂದು ಕಂಡರೆ ತನ್ನದೊಂದು ಪುಟ್ಟ ಉಕ್ಕಿನ ಅಚ್ಚನ್ನು ಅದರ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದ. ನಾನು ನೋಡಿದ್ದೇನೆ, ಇದಕ್ಕೆ ನಾನು ಹೊಣೆ ಎಂದು ಆ ಗುರುತಿನ ಅರ್ಥ. ಕೈಯಿಂದ ಕೈಗೆ ಹೋಗುತ್ತ ಕೆಲವು ನಾಣ್ಯಗಳ ಮೇಲೆ ಡ್ರ್ಯಾಗನ್ನಿನ ಮುಖವೇ ಕಾಣದಷ್ಟು ಮುದ್ರೆಗಳು. ಕೆಲವು ಚೀನೀ ಅಕ್ಷರಗಳು, ಕೆಲವು ಹೂವು, ಉಂಗುರ, ಬಾಣ, ಕೆಲವು ಏನೆಂದೇ ಹೇಳಲಾಗದ ಗೀರು.

ಈಗ ಸಂಗ್ರಾಹಕರಿಗೆ ಬೇಕಾದದ್ದು ಒಂದೇ: ಇದು ಯಾರ ಮುದ್ರೆ? ಮಾವಶಿಯ ಉತ್ತರವೂ ಒಂದೇ: ಗೊತ್ತಿಲ್ಲ.

ಅಡುಗೆಮನೆಯ ಮೇಜೇ ಅವರ ಪ್ರಯೋಗಶಾಲೆ. ಶೇಂಗಾಚಟ್ನಿ ಸವರಿದ ಬ್ರೋಟ್‌ಶೆನ್ ಬನ್ನು ಒಂದು ಕಡೆ, ಕಪ್ಪು ಬಟ್ಟೆಯ ಮೇಲೆ ನಾಣ್ಯ ಇನ್ನೊಂದು ಕಡೆ. ಸೈಕಲ್ಲಿನ ಮುಂದೀಪವನ್ನು ಬಿಚ್ಚಿ ತಂದು ಮೇಜಿನ ಮಟ್ಟಕ್ಕೆ ಓರೆಯಾಗಿ ಇಡುತ್ತಿದ್ದರು. ಓರೆ ಬೆಳಕಿನಲ್ಲಿ ಮುದ್ರೆಯ ಅಂಚು ಏಳುತ್ತದೆ. ಮೊದಲು ನಾಣ್ಯದ ಬೆನ್ನು ನೋಡುತ್ತಿದ್ದರು, ಹೊಡೆತ ಎಷ್ಟು ಗಟ್ಟಿ ಬಿದ್ದಿದೆ ಎಂದು. ಆಮೇಲೆ ಯಾವ ಮುದ್ರೆಯ ಮೇಲೆ ಯಾವ ಮುದ್ರೆ ಏರಿದೆ, ಯಾವುದು ಮೊದಲಿನದು ಎಂದು. ಆಮೇಲೆ ಭೂತಗನ್ನಡಿ ಹಿಡಿದು ನಾಣ್ಯವನ್ನು ನಾಲ್ಕೂ ಕಡೆ ತಿರುಗಿಸುತ್ತಿದ್ದರು.

“ಮುದ್ರಿಗೆ ತಲಿ ಇಲ್ಲ, ಕಾಲಿಲ್ಲ,” ಎನ್ನುತ್ತಿದ್ದರು. “ಹೊಡದಾಂವ ಯಾವ ಕಡೆ ಕೂತಿದ್ದ ಅಂತ ನಿನಗೆಲ್ಲೆ ಗೊತ್ತು? ಕಂಡದ್ದು ಒಂದ ಕಡೆ ಇಡು, ಅನಿಸಿದ್ದು ಒಂದ ಕಡೆ ಇಡು. ಎರಡೂ ಒಂದ ತಾಟಿನ್ಯಾಗ ಹಾಕಿ ಕಲಸಬ್ಯಾಡ.”

ಒಮ್ಮೆ ನಾನು ದೊಡ್ಡ ಸಿದ್ಧಾಂತವೊಂದನ್ನು ಹೊತ್ತು ಹೋಗಿದ್ದೆ. ಅಂಗಡಿಗೆ ಬಂದ ಒಂದು ಕಟ್ಟಿನಲ್ಲಿ ಹಲವು ನಾಣ್ಯಗಳ ಮೇಲೆ ಒಂದೇ ಹೂವಿನ ಮುದ್ರೆ, ಹೂವಿನ ಒಂದೇ ಎಸಳಿನಲ್ಲಿ ಒಂದೇ ಸೀಳು. ಅಂದರೆ ಒಂದೇ ಅಚ್ಚು. ಅಂದರೆ ಒಬ್ಬನೇ ವ್ಯಾಪಾರಿ. ಅಂದರೆ ನಾಣ್ಯಗಳು ಓಡಾಡಿದ ದಾರಿ ಹಿಡಿದು ಅವನ ಊರನ್ನೇ ಹುಡುಕಬಹುದು!

“ಒಂದ ಅಚ್ಚು ಅಂದಿ. ಒಪ್ಪಿದೆ. ಛಲೋ ನೋಡಿದಿ. ಒಬ್ಬನ ಮನಷ್ಯಾ ಅಂತ ಎಲ್ಲಿಂದ ತಂದಿ?”

“ಅಚ್ಚು ಅವನದೇ ಅಲ್ವಾ ಮಾವಶಿ?”

“ಸತ್ತ ಮ್ಯಾಲೆ ಮಗಗ ಕೊಟ್ಟಿರಬಹುದು. ಅಂಗಡಿ ಮಾರುವಾಗ ಅಚ್ಚೂ ಕೂಡೇ ಮಾರಿರಬಹುದು. ಕಾರಕೂನ ಕದ್ದಿರಬಹುದು. ನಿನ್ನ ವಾದಾ ಎಸಳಿನ ತನಕಾ ಬರೋಬ್ಬರಿ ಅದ. ಅಲ್ಲಿಂದ ಮುಂದ ನೀ ಹಾರಿದಿ, ನಡದಿಲ್ಲ.”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಣ್ಯ ಚಿಮ್ಮಿ ಯಾರು ಪರ, ಯಾರು ವಿರೋಧ ಎಂದು ನಿರ್ಧರಿಸುತ್ತಿದ್ದರು, ಯಾವ ಪಕ್ಷ ಬಂದರೂ ನಾನು ಗೆಲ್ಲುತ್ತಿದ್ದೆ ಎಂದು ಜಂಬ ಕೊಚ್ಚಿಕೊಂಡೆ. ಅವರು ಕೈಯಲ್ಲಿದ್ದ ಬೆಳ್ಳಿಯನ್ನು ಬಟ್ಟೆಯ ಮೇಲಿಟ್ಟು ನನ್ನನ್ನೇ ನೋಡಿದರು. “ಶಾಣ್ಯಾ ಇದ್ದೀ. ನಾಣ್ಯಾ ಹ್ಯಾಂಗ ಬೀಳತದ ಹಂಗ ಖರೇ ಹೇಳವರು ನೀವು. ಆ ವ್ಯಾಪಾರಿ ಒಬ್ಬೊಬ್ಬನೂ ಬೀಳಸಿ ಸಪ್ಪಳ ಕೇಳಿ, ಕಡದು ನೋಡಿ, ಆಮ್ಯಾಲೆ ತನ್ನ ಗುರತು ಹಾಕತಿದ್ದ. ಅವನ ಮಾತಿಗೆ ಕಿಮ್ಮತ್ತಿತ್ತು.”

ಸಿಹಿ ಮುದುಕಿ ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಸಿಹಿಯಂತೆ!

ಇನ್ನು ಅಧ್ಯಕ್ಷರ ನಾಣ್ಯ.

ಎರಡು ವರ್ಷದ ಹಿಂದೆ ರಾಜ್ಯೋತ್ಸವಕ್ಕೆ ಮುಂಚೆ ಅಧ್ಯಕ್ಷರು ಜಪಾನಿನ ಒಂದು ವ್ಯಾಪಾರ ನಾಣ್ಯವನ್ನು ಮಖಮಲ್ಲಿನ ಡಬ್ಬಿಯಲ್ಲಿಟ್ಟುಕೊಂಡು ಮಾವಶಿಯ ಮನೆಗೆ ಬಂದರು. ನಾನೂ ಅಲ್ಲಿದ್ದೆ. ನಾಣ್ಯ ಅವರ ತಾತನ ಪೆಟ್ಟಿಗೆಯಲ್ಲಿ ಸಿಕ್ಕಿದ್ದಂತೆ. ಅವರ ಮುತ್ತಾತ ಮುಂಬಯಿಯ ವ್ಯಾಪಾರಿಗಳ ಜೊತೆ ಹಾಂಗ್‌ಕಾಂಗ್‌ಗೆ ಹೋಗಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರಂತೆ. ಡ್ರ್ಯಾಗನ್ನಿನ ಬಾಲದ ಹತ್ತಿರ ಒಂದು ಪುಟ್ಟ ಮುದ್ರೆ. ಉಂಗುರ, ಅದರ ನೆತ್ತಿಯ ಮೇಲೊಂದು ಕೊಂಡಿ.

“ನೋಡಿ ಮೇಡಂ, ನೀಟಾಗಿ ‘ರ’ ಇದೆ. ನಮ್ಮ ಮುತ್ತಾತನ ಹೆಸರು ‘ರ’ದಿಂದಲೇ ಶುರು. ಜಪಾನ್ ನಾಣ್ಯದ ಮೇಲೆ ಕನ್ನಡ ಅಕ್ಷರ! ರಾಜ್ಯೋತ್ಸವಕ್ಕೆ ಇದೇ ಹೈಲೈಟ್. ನೀವು ಸ್ಟೇಜ್ ಮೇಲೆ ಬಂದು ಒಂದು ಮಾತು ಹೇಳಿದ್ರೆ ಸಾಕು.”

ಮಾವಶಿ ದೀಪ ಓರೆ ಮಾಡಿ ಬಹಳ ಹೊತ್ತು ನೋಡಿದರು. “ಬೆಳ್ಳಿ ಖರೇ ಅದ. ನಾಣ್ಯಾ ಖರೇ ಅದ. ಮುದ್ರಿನೂ ಹಳೇದ, ಹೊಸದಾಗಿ ಯಾರೂ ಬಡದಿಲ್ಲ. ಯಾರದು ಅಂತ ಗೊತ್ತಿಲ್ಲ.”

“ಅಲ್ರೀ, ನಿಮಗೆ ಕನ್ನಡ ಓದೋಕೆ ಬರಲ್ವಾ?”

“ಬರತದ. ತೆಲುಗೂ ಸ್ವಲ್ಪ ಬರತದ. ನಾಳೆ ಅವರ ಸಂಘದಾವರು ಬಂದು ಈ ‘ರ’ ನಮ್ಮದು ಅಂದ್ರ ಏನ ಮಾಡ್ತೀರಿ? ಅರ್ಧಾ ಕಡದು ಕೊಡತೀರೇನು?”

ನಾನು ಕಾಫಿ ಉಗುಳುವ ಹಾಗೆ ನಕ್ಕೆ. ಅಧ್ಯಕ್ಷರು ನಗಲಿಲ್ಲ. ಆ ಬಂದರುಗಳಲ್ಲಿ ನಾಣ್ಯ ಪರೀಕ್ಷೆ ಮಾಡುವವನಿಗೆ ಶರಾಫ ಎಂದೇ ಹೆಸರಿತ್ತು, ಅದು ನಮ್ಮ ಪೇಟೆಯ ಮಾತಲ್ಲವೇ, ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ ಎಂದು ಕೇಳಿದರು. ಹೆಸರು ಇದ್ದದ್ದು ನಿಜ.

“ಮಾತು ಹಡಗ ಹತ್ತೇದ, ಖರೇ. ಅದರ ಕೂಡ ನಿಮ್ಮ ಮುತ್ತ್ಯಾನೂ ಹತ್ಯಾನ ಅಂತ ಹ್ಯಾಂಗ ಹೇಳಲಿ?” ಎಂದರು ಮಾವಶಿ.

ಅವರು ವೇದಿಕೆಗೆ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಕರೆದ ಮೇಲೆ ಹೋಗದಿರುವುದು ಅವರಿಗೆ ಗೊತ್ತಿರಲಿಲ್ಲ. ಹಸಿರು ಇಳಕಲ್ ಸೀರೆ ಉಟ್ಟು, ಮೇಲೆ ದಪ್ಪ ಚಳಿಕೋಟು ಹಾಕಿಕೊಂಡು, ಎಸ್-ಬಾನ್ ರೈಲಿನಲ್ಲಿ ನನ್ನ ಪಕ್ಕ ಕೂತು ಬಂದರು. ಸಭಾಂಗಣದ ಪರದೆಯ ಮೇಲೆ ನಾಣ್ಯ ದೊಡ್ಡದಾಗಿ ಮೂಡಿತ್ತು. ‘ರ’ ಎದ್ದು ಕಾಣುತ್ತಿತ್ತು. ಚಪ್ಪಾಳೆ, ಸೀಟಿ. ಅಧ್ಯಕ್ಷರು ಮೈಕ್ ಕೊಟ್ಟರು. ಮಾವಶಿ ಕ್ಯಾಮೆರಾದ ಕೆಳಗಿದ್ದ ನಾಣ್ಯವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದರು.

“ಹಿಂಗ ಹಿಡದ್ರ ‘ರ’. ಹಿಂಗ ತಿರುಗಿಸಿದ್ರ ಮೀನಿನ ಗಾಳ. ಹಿಂಗ ಮಾಡಿದ್ರ ಬಳ್ಳಿಗೆ ಹತ್ತಿದ ಸೋರೆಕಾಯಿ. ಬಡದಾಂವ ಏನಂತ ಬಡದಾನ, ನನಗ ಗೊತ್ತಿಲ್ಲ. ಕನ್ನಡ ಅಲ್ಲ ಅಂತನೂ ನಾ ಅನ್ನಂಗಿಲ್ಲ. ಗೊತ್ತಿಲ್ಲ ಅಂತೀನಿ.”

ಚಪ್ಪಾಳೆ ನಿಂತಿತು. ಹಿಂದಿನ ಸಾಲಿನಿಂದ ಯಾರೋ “ಕನ್ನಡದ್ರೋಹಿ” ಎಂದರು. ಜರ್ಮನಿಗೆ ಬಂದು, ಮಕ್ಕಳ ಜೊತೆ ಮನೆಯಲ್ಲಿ ಜರ್ಮನ್ ಆಡುವವರೊಬ್ಬರು ಹಾಗೆ ಅಂದದ್ದು! ಯಾರೆಂದು ನನಗೆ ಗೊತ್ತು. ಅವರಿಗೂ ಗೊತ್ತು, ಇದನ್ನು ಓದುತ್ತಿದ್ದಾರೆ.

ಆಮೇಲೆ ಏನೂ ಆಗಲಿಲ್ಲ. ಅದೇ ಶಿಕ್ಷೆ. ಯಾರೂ ಬೈಯಲಿಲ್ಲ, ಜಗಳವಾಡಲಿಲ್ಲ. ವಾಟ್ಸಾಪ್ ಗುಂಪಿನಿಂದ ಅವರ ಹೆಸರು ಹೋಯಿತು. ಯುಗಾದಿಗೆ ಕರೆ ಬರಲಿಲ್ಲ. ಗಣಪತಿ ಹಬ್ಬಕ್ಕೆ ಅವರೇ ಮಾಡಿಕೊಡುತ್ತಿದ್ದ ಕಡುಬು ಆ ಸಲ ಕೇಟರಿಂಗಿನವರಿಂದ ಬಂತು. ಬಾಣಂತಿಯರಿಗೆ ಅಂಟಿನುಂಡಿ ಕಟ್ಟಿಕೊಡಲು, ಬಾಡಿಗೆ ಮನೆಯ ಜರ್ಮನ್ ಕಾಗದ ಓದಿ ಹೇಳಲು ಇಪ್ಪತ್ತು ವರ್ಷ ಅವರು ಬೇಕಾಗಿದ್ದರು. ಒಂದು ‘ಗೊತ್ತಿಲ್ಲ’ಕ್ಕೆ ಬೇಡವಾದರು. ನಾನು ಅಧ್ಯಕ್ಷರಿಗೆ ಫೋನ್ ಮಾಡಿ ಕೂಗಾಡಿದೆ. “ಯಾರೂ ಏನೂ ಅಂದಿಲ್ಲಪ್ಪ, ಅವರೇ ಬರ್ತಾ ಇಲ್ಲ,” ಎಂದರು. ಕರೆಯದೆ ಇದ್ದು, ಬರಲಿಲ್ಲ ಎನ್ನುವುದು! ಇಂಥ ವಾದವನ್ನು ನಮ್ಮ ಕಾಲೇಜಿನ ಕಿರಿಯ ತಂಡದ ಹುಡುಗರೂ ಮಂಡಿಸುತ್ತಿರಲಿಲ್ಲ.

ನನಗೆ ಮಾವಶಿಯ ಮೇಲೂ ಸಿಟ್ಟು ಬಂತು, ಅದನ್ನೂ ಬರೆಯಬೇಕು.

“ನೇರವಾಗಿ ಸುಳ್ಳು ಅಂತ ಹೇಳಿಬಿಡಬೇಕಿತ್ತು ನೀವು. ಗೊತ್ತಿಲ್ಲ ಅಂದದ್ದಕ್ಕೆ ದ್ರೋಹಿ ಅಂತ ಬೈಸಿಕೊಂಡಿರಿ. ಸುಳ್ಳು ಅಂದಿದ್ದರೂ ಅಷ್ಟೇ ಬೈತಿದ್ದರು. ನಮ್ಮ ಪಕ್ಷ ಆದರೂ ಗಟ್ಟಿ ಇರ್ತಿತ್ತು.”

“ಸುಳ್ಳು ಅಂತನೂ ಗೊತ್ತಿಲ್ಲಲ್ಲೋ ತಮ್ಮಾ.”

“ಮಾವಶಿ, ಇಷ್ಟೆಲ್ಲ ಆದ ಮೇಲೂ?”

“ಅವರು ಹೌದು ಅನ್ನಸಬೇಕು ಅಂತ ಕೂತಾರ. ನೀ ಅಲ್ಲ ಅನ್ನಸಬೇಕು ಅಂತ ಕೂತಿ. ನಾಣ್ಯಾ ನೋಡವರು ಒಬ್ಬರೂ ಇಲ್ಲ.” ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ನಡೆದರು. ಸಿಟ್ಟಿನಲ್ಲಿ ಎದ್ದು ಬಂದೆ. ಎರಡು ಭಾನುವಾರ ಹೋಗಲಿಲ್ಲ. ಮೂರನೆಯದಕ್ಕೆ ಅವರೇ ಬಾಗಿಲು ಬಡಿದು, “ಚಟ್ನಿಪುಡಿ ಕೆಡತದ, ಬಾ,” ಎಂದರು.

ಕಳೆದ ಚಳಿಗಾಲದಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ದಾದಿ ಕೇಳಿದಳು. ಗೊತ್ತಿಲ್ಲ ಎಂದರು ಜರ್ಮನಿನಲ್ಲಿ. ಏನಾದರೂ ಒಂದು ಅಂದಾಜು ಹೇಳಿ, ಬರೆದುಕೊಳ್ಳಬೇಕು ಎಂದಳು. ಮಾವಶಿ ನನ್ನ ಕಡೆ ತಿರುಗಿ, “ಇಕಿಗೆ ಹೇಳೋ, ನೋವು ಅದ, ಭಾಳ ಅದ. ನಂಬರ ಇಲ್ಲ,” ಎಂದರು. ನಾನು ಎಂಟು ಎಂದು ಹೇಳಿದೆ. ಅವರಿಗೆ ಜರ್ಮನ್ ನನಗಿಂತ ಚೆನ್ನಾಗಿ ಬರುತ್ತಿತ್ತು. ನನ್ನನ್ನು ನೋಡಿದ ನೋಟ ಮಾತ್ರ ಯಾರ ಎದುರೂ ಹೇಳಿಕೊಳ್ಳುವಂಥದ್ದಲ್ಲ.

ಬಳಗದವರು ಯಾರೂ ಬರಲಿಲ್ಲ. ಅದು ಕಂಡದ್ದು. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಮಾವಶಿ ಫೋನನ್ನು ಪರದೆ ಮೇಲ್ಮುಖ ಮಾಡಿ, ಕೈಗೆಟುಕುವ ಹಾಗೆ ಇಟ್ಟುಕೊಂಡಿರುತ್ತಿದ್ದರು. ಅದೂ ಕಂಡದ್ದು. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಸತ್ತ ಮೇಲೆ ಎಲ್ಲರೂ ಬಂದರು. ಬಾಡಿಗೆಗೆ ಹಿಡಿದ ಸಭಾಂಗಣ, ಹಾರ ಹಾಕಿದ ಫೋಟೊ, ಊದಿನಕಡ್ಡಿ ಹಚ್ಚಬಾರದೆಂದು ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಹೇಳಿದ್ದರಿಂದ ಬ್ಯಾಟರಿಯ ದೀಪ. ಫೋಟೊದ ಮುಂದೆ ಒಂದು ಗಾಜಿನ ಪೆಟ್ಟಿಗೆಯಲ್ಲಿ ಅದೇ ನಾಣ್ಯ, ‘ರ’ ನೆಟ್ಟಗೆ ಕಾಣುವ ಹಾಗೆ ತಿರುಗಿಸಿ ಇಟ್ಟದ್ದು. ಪೆಟ್ಟಿಗೆಗೆ ಒರಗಿಸಿದ ಬಿಳಿ ಕಾರ್ಡಿನ ಮೇಲೆ ಚಂದದ ಅಕ್ಷರದಲ್ಲಿ: ಜಪಾನಿನ ಬೆಳ್ಳಿಯ ಮೇಲೆ ಕನ್ನಡ, ಈ ಮುದ್ರೆಯನ್ನು ಗುರುತಿಸಿದವರು. ಕೆಳಗೆ ಮಾವಶಿಯ ಹೆಸರು.

ನಾನು ಎದ್ದು ನಿಂತೆ. “ಆ ಕಾರ್ಡ್ ತೆಗೀರಿ ಸಾರ್. ಅವರು ಹಾಗೆ ಹೇಳಿಲ್ಲ. ಇಲ್ಲಿರೋ ಎಷ್ಟೋ ಜನದ ಎದುರೇ ಗೊತ್ತಿಲ್ಲ ಅಂದಿದ್ದು.”

ಪಕ್ಕದಲ್ಲಿದ್ದ ಗೆಳೆಯ ನನ್ನ ಜಾಕೆಟ್ ಎಳೆದ. “ಮಗಾ, ಕೂತ್ಕೊ. ಸಾವಿನ ಮನೇಲಿ ಡಿಬೇಟಾ?”

ಅಧ್ಯಕ್ಷರು ಮುಖ ಮೃದು ಮಾಡಿಕೊಂಡರು. ಅವರಿಗೆ ಅದು ಚೆನ್ನಾಗಿ ಬರುತ್ತದೆ. “ನೋಡಪ್ಪ, ಹಳೇದೆಲ್ಲ ಮರೆತು ಗೌರವ ಕೊಡ್ತಾ ಇದೀವಿ. ಇದರಿಂದ ಅವರ ಹೆಸರೇ ದೊಡ್ಡದಾಗುತ್ತೆ ಅಲ್ವಾ? ಅವರಿಗೇನು ನಷ್ಟ?”

“ಒಬ್ಬ ವ್ಯಾಪಾರಿ ಪರೀಕ್ಷೆ ಮಾಡದ ನಾಣ್ಯದ ಮೇಲೆ ಇನ್ನೊಬ್ಬ ಅವನ ಮುದ್ರೆ ಹೊಡೆದರೆ ಅದಕ್ಕೆ ಏನಂತಾರೆ ಸಾರ್? ಖೋಟಾ ಅಂತಾರೆ. ನೀವು ಅವರ ಹೆಸರನ್ನೇ ಅಚ್ಚು ಮಾಡಿಕೊಂಡು ಹೊಡೀತಾ ಇದೀರಿ. ನಾಣ್ಯ ವಾಪಸ್ ಬಂದರೆ ಹೊಣೆ ಹೊರೋಕೆ ಅವರಿಲ್ಲ ಅನ್ನೋ ಧೈರ್ಯದ ಮೇಲೆ!”

ಇನ್ನೂ ಹೇಳುವುದಿತ್ತು. ಮೂರು ಅಂಶಗಳನ್ನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಅಧ್ಯಕ್ಷರು ಮೈಕನ್ನು ಬಾಯಿಗೆ ಹತ್ತಿರ ತಂದು, “ಈಗ ಅಗಲಿದ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸೋಣ,” ಎಂದರು.

ಕುರ್ಚಿಗಳು ಕಿರುಗುಟ್ಟಿದವು. ಎಲ್ಲರೂ ಎದ್ದರು, ತಲೆ ತಗ್ಗಿಸಿದರು. ಎಷ್ಟೋ ಸ್ಪರ್ಧೆಗಳಲ್ಲಿ ಗಂಟೆ ಬಾರಿಸಿ ನನ್ನನ್ನು ಕೂರಿಸಿದ್ದಾರೆ, ಹೀಗೆ ಯಾರೂ ಬಾಯಿ ಮುಚ್ಚಿಸಿರಲಿಲ್ಲ. ಮಾವಶಿಗಾಗಿ ಮಾಡುವ ಶೋಕದ ಮೌನವನ್ನೇ ತಂದು ನನ್ನ ಬಾಯಿಗೆ ತುರುಕಿದ್ದರು. ಮಾತಾಡಿದರೆ ನಾನೇ ನೀಚ. ಕಿಟಕಿಯ ಗಾಜಿನ ಮೇಲೆ ಮಳೆ, ಹೀಟರಿನ ಪೈಪಿನಲ್ಲಿ ನೀರಿನ ಗುಳುಗುಳು, ಅಷ್ಟೇ ಸದ್ದು.

ಆಗ ಹೊಳೆಯಿತು. ಮೌನ ನನಗೊಬ್ಬನಿಗೇ ಅಲ್ಲವಲ್ಲ.

ಸಾಲಿನಿಂದ ಹೊರಬಂದೆ. ಒದ್ದೆಯಾದ ಬೂಟು ಪ್ರತಿ ಹೆಜ್ಜೆಗೂ ಕೀರಲು ದನಿ ಮಾಡುತ್ತಿತ್ತು. ತಲೆ ತಗ್ಗಿಸಿದ್ದವರು ಓರೆಗಣ್ಣಿನಲ್ಲಿ ನೋಡಿದರು. ಅಧ್ಯಕ್ಷರು ಕಣ್ಣು ಅಗಲಿಸಿದರು, ತುಟಿ ಅಲುಗಿತು, ಕೈಯಲ್ಲಿದ್ದ ಮೈಕ್ ಇನ್ನೂ ಆನ್ ಆಗಿತ್ತು. ತಾವೇ ಸಾರಿದ ಮೌನ. ಮುರಿಯಲಾರದೆ ನಿಂತರು. ನಾನು ಫೋಟೊದ ಮುಂದೆ ಹೋಗಿ, ಕಾರ್ಡನ್ನು ಎತ್ತಿ, ಮಡಚಿ ಜೇಬಿಗೆ ಹಾಕಿಕೊಂಡು, ನನ್ನ ಜಾಗಕ್ಕೆ ಬಂದು ತಲೆ ತಗ್ಗಿಸಿ ನಿಂತೆ. ಇನ್ನೂ ಸಮಯ ಉಳಿದಿತ್ತು.

ಗಾಜಿನ ಪೆಟ್ಟಿಗೆಯಲ್ಲಿ ನಾಣ್ಯ ಹಾಗೇ ಇತ್ತು. ಅದರ ಬಗ್ಗೆ ಯಾರಿಗಾದರೂ ಗೊತ್ತಿರುವಷ್ಟೂ ಆ ಬೆಳ್ಳಿಯ ಮೇಲೆಯೇ ಇತ್ತು.